ಬಾಣಲೆಯ ಎಣ್ಣೆ, ವಿಮಾನದ ರೆಕ್ಕೆ

ಏಪ್ರಿಲ್ ಕೊನೆಯ ವಾರ. ಮುಂಬೈ ಹೊರವಲಯದ ಡೊಂಬಿವಲಿ ಪೂರ್ವದ ಮನೆಯೊಂದರಲ್ಲಿ ರಾತ್ರಿಯ ಊಟ ಮುಗಿದ ಮೇಲೆ ಮೊಬೈಲು ಕೈಯಿಂದ ಕೈಗೆ ದಾಟುತ್ತದೆ. ಊರಿನ ದೇವಸ್ಥಾನದಲ್ಲಿ ಬ್ರಹ್ಮಕಲಶ, ಹೋಗಲೇಬೇಕು. ಮತ್ಸ್ಯಗಂಧ ರೈಲಿನಲ್ಲಿ ವೇಟಿಂಗ್ ಲಿಸ್ಟ್ ನೂರು ದಾಟಿದೆ. ಬಸ್ಸಿನಲ್ಲಿ ಅಜ್ಜಿಗೆ ಕೂರಲಾಗದು. ಉಳಿದದ್ದು ವಿಮಾನ. ಮಧ್ಯಾಹ್ನ ಕಂಡ ದರ ರಾತ್ರಿಗೆ ಕಾಣುವುದಿಲ್ಲ. ನಾಲ್ಕು ಜನರ ಟಿಕೆಟ್ ಕೂಡಿಸಿದರೆ ತಿಂಗಳ ಮನೆಬಾಡಿಗೆಯನ್ನು ಮೀರುತ್ತದೆ. ಠಾಣೆಯಲ್ಲಿ, ಕಲ್ಯಾಣದಲ್ಲಿ, ನೆರುಳಿನಲ್ಲಿ, ಐರೋಲಿಯಲ್ಲಿ ಇದೇ ಹೊತ್ತಿಗೆ ಇನ್ನೆಷ್ಟೋ ಕನ್ನಡದ, ತುಳುವಿನ ಮನೆಗಳಲ್ಲಿ ಇದೇ ಲೆಕ್ಕ ನಡೆದಿರುತ್ತದೆ.

ಲೋಕಲ್ ರೈಲಿನ ಸೆಂಟ್ರಲ್ ಲೈನಿನವರಿಗೆ ಹಿಂದೆ ಇನ್ನೊಂದು ಕಷ್ಟವೂ ಇತ್ತು. ಸಾಂತಾಕ್ರೂಜ್ ವಿಮಾನ ನಿಲ್ದಾಣ ತಲುಪಲು ಬೇಕಾದ ಸಮಯ ಮಂಗಳೂರಿಗೆ ಹಾರುವ ಸಮಯಕ್ಕಿಂತ ಹೆಚ್ಚಾಗುತ್ತಿತ್ತು. 2025ರ ಡಿಸೆಂಬರ್ 25ರಂದು ನವಿ ಮುಂಬೈ ವಿಮಾನ ನಿಲ್ದಾಣ ಪ್ರಯಾಣಿಕರಿಗೆ ತೆರೆಯಿತು. ಅಲ್ಲಿ ಮೊದಲು ಇಳಿದ ವಾಣಿಜ್ಯ ವಿಮಾನ ಬಂದದ್ದು ಬೆಂಗಳೂರಿನಿಂದ. ಇಂಡಿಗೊ ಆರಂಭದಲ್ಲಿ ಪ್ರಕಟಿಸಿದ ಹತ್ತು ಊರುಗಳ ಪಟ್ಟಿಯಲ್ಲಿ ಮಂಗಳೂರೂ ಇತ್ತು. 1951ರಲ್ಲಿ ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ಮಂಗಳೂರಿನ ಬಜ್ಪೆ ನಿಲ್ದಾಣ ಶುರುವಾದದ್ದೂ ಡಿಸೆಂಬರ್ 25ರಂದೇ. ದಾರಿಯ ಎರಡು ತುದಿಗಳಿಗೂ ಒಂದೇ ಹುಟ್ಟುಹಬ್ಬ ಎಂಬುದು ಕರಾವಳಿಯವರಿಗೆ ಖುಷಿ ಕೊಡುವ ಕಾಕತಾಳೀಯ.

ನಿಲ್ದಾಣವೇನೋ ಹತ್ತಿರ ಬಂತು. ಟಿಕೆಟ್ ಹತ್ತಿರ ಬರಲಿಲ್ಲ. ಹಬ್ಬದ ನೂಕುನುಗ್ಗಲಿನಲ್ಲಿ ದರ ಏರುವುದು ಎಲ್ಲರಿಗೂ ಗೊತ್ತು. ಆದರೆ ನೂಕುನುಗ್ಗಲಿಲ್ಲದ ದಿನವೂ ಟಿಕೆಟ್ ಒಂದು ಮಟ್ಟಕ್ಕಿಂತ ಕೆಳಗಿಳಿಯುವುದಿಲ್ಲ. ಆ ಮಟ್ಟವನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ರೆಕ್ಕೆಯೊಳಗಿನ ಟ್ಯಾಂಕಿನಲ್ಲಿರುವ ಇಂಧನ.

ಸೀಟಿಗೆ ಇಪ್ಪತ್ತು ಲೀಟರ್

ವಿಮಾನಕ್ಕೆ ಹಾಕುವುದು ಹೆಚ್ಚುಕಡಿಮೆ ಸೀಮೆಎಣ್ಣೆಯೇ. ಕಚ್ಚಾತೈಲವನ್ನು ಕಾಯಿಸಿದಾಗ ಪೆಟ್ರೋಲ್‌ಗಿಂತ ಭಾರವಾಗಿ, ಡೀಸೆಲ್‌ಗಿಂತ ಹಗುರಾಗಿ ಬೇರ್ಪಡುವ ಭಾಗವನ್ನು ಇನ್ನಷ್ಟು ಶುದ್ಧಮಾಡಿದರೆ ಏವಿಯೇಷನ್ ಟರ್ಬೈನ್ ಫ್ಯೂಯಲ್ ಸಿಗುತ್ತದೆ. ಉದ್ಯಮದವರ ಬಾಯಲ್ಲಿ ಅದು ಎಟಿಎಫ್. ಹತ್ತು ಕಿಲೋಮೀಟರ್ ಎತ್ತರದ ಕೊರೆಯುವ ಚಳಿಯಲ್ಲೂ ಅದು ಗಟ್ಟಿಯಾಗಬಾರದು. ನಮ್ಮಲ್ಲಿ ಬಳಸುವ ಬಗೆಯದು ಮೈನಸ್ 47 ಡಿಗ್ರಿ ಸೆಲ್ಸಿಯಸ್‌ವರೆಗೆ ಹೆಪ್ಪುಗಟ್ಟದೆ ಹರಿಯಬೇಕೆಂಬುದು ನಿಯಮ.

ಮುಂಬೈಯಿಂದ ಮಂಗಳೂರು ಆಕಾಶದಾರಿಯಲ್ಲಿ ಸುಮಾರು ಏಳು ನೂರು ಕಿಲೋಮೀಟರ್. ಇಷ್ಟು ದೂರಕ್ಕೆ 180 ಸೀಟಿನ ಏರ್‌ಬಸ್ ಎ320ನಿಯೊ ಸರಿಸುಮಾರು 3,500 ಲೀಟರ್ ಇಂಧನ ಸುಡುತ್ತದೆ. ಸೀಟಿಗೆ ಹಂಚಿದರೆ ಇಪ್ಪತ್ತು ಲೀಟರಿನ ಆಸುಪಾಸು.

ಈಗ ಬೆಲೆ ನೋಡೋಣ. ಕೊರೊನಾ ಕಾಲದಲ್ಲಿ ವಿಮಾನಗಳೆಲ್ಲ ನೆಲಕ್ಕಂಟಿ ನಿಂತಿದ್ದಾಗ, 2020ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಸಾವಿರ ಲೀಟರ್ ಎಟಿಎಫ್‌ಗೆ 22,500 ರೂಪಾಯಿಯಷ್ಟಿತ್ತು. ಉಕ್ರೇನ್ ಯುದ್ಧ ಶುರುವಾದ ಮೇಲೆ 2022ರ ಜೂನ್‌ನಲ್ಲಿ ಅದೇ ಸಾವಿರ ಲೀಟರಿಗೆ 1.41 ಲಕ್ಷ ದಾಟಿತು. ಎರಡೇ ವರ್ಷದಲ್ಲಿ ಆರು ಪಟ್ಟಿಗೂ ಹೆಚ್ಚು. ಆ ದರಗಳಲ್ಲೇ ಲೆಕ್ಕ ಹಾಕಿದರೆ ಮಂಗಳೂರಿಗೆ ಹೋಗುವ ಒಬ್ಬರ ಇಂಧನಕ್ಕೆ ಮೊದಲು 450 ರೂಪಾಯಿ, ಆಮೇಲೆ 2,800 ರೂಪಾಯಿ. ಸೀಟುಗಳು ಖಾಲಿ ಉಳಿದರೆ ತುಂಬಿದ ಸೀಟಿನವರ ಪಾಲು ಇನ್ನೂ ಏರುತ್ತದೆ. ಭಾರತದ ವಿಮಾನ ಕಂಪನಿಗಳ ಖರ್ಚಿನಲ್ಲಿ ಇಂಧನದ ಪಾಲು ಶೇ 40ರವರೆಗೆ ಹೋಗುತ್ತದೆ. ಸಿಬ್ಬಂದಿಯ ಸಂಬಳ, ನಿಲ್ದಾಣದ ಶುಲ್ಕ ಯಾವುದೂ ಅದರ ಹತ್ತಿರ ಬರುವುದಿಲ್ಲ.

ತಿಂಗಳ ಮೊದಲ ದಿನ

ಪ್ರತಿ ತಿಂಗಳ ಒಂದನೇ ತಾರೀಖಿನಂದು ಸರ್ಕಾರಿ ತೈಲ ಕಂಪನಿಗಳು ಎಟಿಎಫ್‌ನ ಹೊಸ ದರ ಪ್ರಕಟಿಸುತ್ತವೆ. ಹಿಂದಿನ ತಿಂಗಳ ಅಂತರರಾಷ್ಟ್ರೀಯ ಬೆಲೆ, ಡಾಲರ್ ಎದುರು ರೂಪಾಯಿಯ ಸ್ಥಿತಿ ಎರಡೂ ಅದರಲ್ಲಿ ಸೇರಿಕೊಂಡಿರುತ್ತವೆ. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇ 85ಕ್ಕಿಂತ ಹೆಚ್ಚಿನದನ್ನು ನಾವು ಹೊರಗಿನಿಂದ ತರುತ್ತೇವೆ. ಕೊಲ್ಲಿಯಲ್ಲಿ ಒಂದು ಹಡಗಿಗೆ ಬೆದರಿಕೆ ಬಂದರೂ, ರೂಪಾಯಿ ಜಾರಿದರೂ ಅದರ ಪೆಟ್ಟು ಡೊಂಬಿವಲಿಯ ಟಿಕೆಟಿಗೆ ತಾಗುತ್ತದೆ. ತೈಲದ ಬೆಲೆ ಅಲುಗದಿದ್ದರೂ, 2025ರ ಡಿಸೆಂಬರಿನಲ್ಲಿ ಡಾಲರಿಗೆ ತೊಂಬತ್ತು ದಾಟಿದ ರೂಪಾಯಿಯೇ ಇಂಧನವನ್ನು ದುಬಾರಿ ಮಾಡಬಲ್ಲದು.

ಮೇಲಿಂದ ತೆರಿಗೆ. 2017ರಲ್ಲಿ ಜಿಎಸ್‌ಟಿ ಬಂದಾಗ ಐದು ವಸ್ತುಗಳನ್ನು ಅದರ ಹೊರಗಿಟ್ಟರು: ಕಚ್ಚಾತೈಲ, ನೈಸರ್ಗಿಕ ಅನಿಲ, ಪೆಟ್ರೋಲ್, ಡೀಸೆಲ್ ಮತ್ತು ಎಟಿಎಫ್. ಹಾಗಾಗಿ ವಿಮಾನದ ಇಂಧನಕ್ಕೆ ಕೇಂದ್ರದ ಅಬಕಾರಿ ಸುಂಕ ಬೇರೆ, ರಾಜ್ಯದ ವ್ಯಾಟ್ ಬೇರೆ. ಸುಂಕ ಸೇರಿದ ಬೆಲೆಯ ಮೇಲೆ ಮತ್ತೆ ವ್ಯಾಟ್. ಬೇರೆ ಉದ್ಯಮಗಳು ಕೊಂಡ ಸಾಮಗ್ರಿಗೆ ಕಟ್ಟಿದ ತೆರಿಗೆಯನ್ನು ಮುಂದಿನ ತೆರಿಗೆಯಲ್ಲಿ ಕಡಿತ ಮಾಡಿಕೊಳ್ಳಬಹುದು. ವಿಮಾನ ಕಂಪನಿಗೆ ತನ್ನ ಅತಿ ದೊಡ್ಡ ಖರ್ಚಿನ ಮೇಲೆ ಆ ಅನುಕೂಲವಿಲ್ಲ. ಕೊನೆಗೆ ಅದನ್ನು ಹೊರುವವರು ಪ್ರಯಾಣಿಕರು.

ಮಹಾರಾಷ್ಟ್ರ ಸರ್ಕಾರ 2023ರ ಮಾರ್ಚ್ ಬಜೆಟ್‌ನಲ್ಲಿ ಮುಂಬೈ, ಪುಣೆ ಮತ್ತು ರಾಯಗಡ ಜಿಲ್ಲೆಗಳಲ್ಲಿ ಎಟಿಎಫ್ ಮೇಲಿನ ವ್ಯಾಟನ್ನು ಶೇ 25ರಿಂದ 18ಕ್ಕೆ ಇಳಿಸುವುದಾಗಿ ಪ್ರಕಟಿಸಿತು. ನವಿ ಮುಂಬೈ ಎಂದು ಕರೆದರೂ ಉಳ್ವೆ, ಪನ್ವೇಲ್ ಕಡೆಯ ಆ ನಿಲ್ದಾಣದ ನೆಲ ರಾಯಗಡ ಜಿಲ್ಲೆಗೆ ಸೇರಿದ್ದು. ರಾಯಗಡದ ಹೆಸರು ಆ ಪಟ್ಟಿಯಲ್ಲಿ ಏಕಿತ್ತೆಂದು ಇದರಿಂದ ಊಹಿಸಬಹುದು. ಇಂಧನವನ್ನು ಜಿಎಸ್‌ಟಿಯೊಳಗೆ ತರಬೇಕೆಂಬ ಬೇಡಿಕೆ ವರ್ಷಗಳಿಂದ ಇದೆ. ಆದಾಯ ಬಿಟ್ಟುಕೊಡಲು ರಾಜ್ಯಗಳು ಒಪ್ಪುತ್ತಿಲ್ಲ. ವಿಮಾನವೆಂದರೆ ಶ್ರೀಮಂತರ ಸವಾರಿ ಎಂಬ ಹಳೆಯ ಎಣಿಕೆಯೇ ಈ ಹಟದ ಹಿಂದಿದೆ ಎಂದು ನನ್ನ ಅನಿಸಿಕೆ. ಮಂಗಳೂರು ವಿಮಾನದ ಸಾಲಿನಲ್ಲಿ ಹೋಟೆಲಿನ ಕ್ಯಾಷಿಯರ್, ಕಾರ್ಖಾನೆಯ ಫಿಟ್ಟರ್, ಊರಲ್ಲಿ ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ಕೇಳಿ ಹೊರಟವರು ನಿಂತಿರುತ್ತಾರೆ. ಎಣಿಕೆ ಬದಲಾಗಬೇಕು.

ಅವರನ್ನು ಆ ಸಾಲಿಗೆ ತಂದವರಲ್ಲಿ ಒಬ್ಬರು ಕನ್ನಡಿಗರೇ. ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿ, ಸಾಮಾನ್ಯರೂ ವಿಮಾನ ಹತ್ತಬಹುದೆಂದು ತೋರಿಸಿತು. ಮುಂದೆ ಅದು ಕಿಂಗ್‌ಫಿಷರ್ ಪಾಲಾಯಿತು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಹಾರಾಟವೇ ನಿಂತಿತು. ಅದು ಮುಳುಗಲು ಕಾರಣ ಹಲವಿದ್ದವು. ತೈಲ ಕಂಪನಿಗಳಿಗೆ ಕಟ್ಟಬೇಕಿದ್ದ ಬಾಕಿಯೂ ಅವುಗಳಲ್ಲೊಂದು.

ಬ್ಯಾಟರಿ ಏಕೆ ಸಾಲದು

ರಿಕ್ಷಾ, ಬಸ್ಸು, ಕಾರು ಎಲ್ಲ ಬ್ಯಾಟರಿಯಲ್ಲಿ ಓಡುವಾಗ ವಿಮಾನಕ್ಕೇನು ಅಡ್ಡಿ ಎಂದು ಕೇಳುವುದು ಸಹಜ. ಅಡ್ಡಿ ತೂಕದ್ದು. ಒಂದು ಕಿಲೋ ವಿಮಾನ ಇಂಧನದಲ್ಲಿ ಸುಮಾರು ಹನ್ನೆರಡು ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿಯಿದೆ. ಒಂದು ಕಿಲೋ ಒಳ್ಳೆಯ ಬ್ಯಾಟರಿಯಲ್ಲಿ ಹಿಡಿಸುವುದು ಕಾಲು ಯೂನಿಟ್. ಮಂಗಳೂರು ಹಾರಾಟಕ್ಕೆ ಬೇಕಾದ 2,800 ಕಿಲೋ ಇಂಧನದ ಬದಲು ಬ್ಯಾಟರಿ ಇಟ್ಟರೆ, ವಿದ್ಯುತ್ ಮೋಟಾರಿಗೆ ಮೂರು ಪಟ್ಟು ದಕ್ಷತೆಯ ರಿಯಾಯಿತಿ ಕೊಟ್ಟರೂ, ನಲವತ್ತು ಟನ್ ಮೀರುತ್ತದೆ. ಎ320ನಿಯೊ ಮೇಲೇರುವಾಗ ಇರಬಹುದಾದ ಗರಿಷ್ಠ ತೂಕ 79 ಟನ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವಿಮಾನದ ಸ್ವಂತ ಮೈಭಾರ. ಪ್ರಯಾಣಿಕರಿಗೆ ಜಾಗವೇ ಉಳಿಯುವುದಿಲ್ಲ. ಇಂಧನ ಸುಡುತ್ತ ಹೋದಂತೆ ವಿಮಾನ ಹಗುರಾಗುತ್ತದೆ, ಬ್ಯಾಟರಿಯಾದರೆ ಹತ್ತಿದಷ್ಟೇ ತೂಕದಲ್ಲಿ ಇಳಿಯುತ್ತದೆ.

ಜಲಜನಕದ ಮಾತೂ ಇದೆ. ಅದು ಹಗುರ, ಸುಟ್ಟರೆ ಇಂಗಾಲ ಬಿಡುವುದಿಲ್ಲ. ಆದರೆ ದ್ರವವಾಗಿಡಲು ಮೈನಸ್ 253 ಡಿಗ್ರಿ ಬೇಕು, ಅದೇ ಶಕ್ತಿಗೆ ನಾಲ್ಕು ಪಟ್ಟು ಜಾಗ ಬೇಕು. 2035ಕ್ಕೆ ಜಲಜನಕ ವಿಮಾನ ಎಂದು 2020ರಲ್ಲಿ ಹೊರಟಿದ್ದ ಏರ್‌ಬಸ್, 2025ರಲ್ಲಿ ಆ ಗಡುವನ್ನು ಮುಂದೂಡಿತು.

ನವಿ ಮುಂಬೈ ನಿಲ್ದಾಣದಲ್ಲಿ ಸುಮಾರು 47 ಮೆಗಾವ್ಯಾಟ್ ಸೌರವಿದ್ಯುತ್, ವಿದ್ಯುತ್ ಬಸ್ಸುಗಳು ಎಂದೆಲ್ಲ ಘೋಷಣೆಯಾಗಿದೆ. ಕಟ್ಟಡದ ದೀಪಕ್ಕೆ, ಎಸಿಗೆ, ನೆಲದ ಓಡಾಟಕ್ಕೆ ಇವು ನಿಜಕ್ಕೂ ಒಳ್ಳೆಯದು. ಆದರೆ ವಿಮಾನ ರನ್‌ವೇ ಬಿಟ್ಟ ಮೇಲೆ ಇವು ನೆರವಿಗಿಲ್ಲ. ಅದೇ ಘೋಷಣೆಯಲ್ಲಿ ಇನ್ನೊಂದು ಸಾಲಿತ್ತು: ಸುಸ್ಥಿರ ವಿಮಾನ ಇಂಧನಕ್ಕೆ ಪ್ರತ್ಯೇಕ ದಾಸ್ತಾನು. ಆಕಾಶಕ್ಕೆ ಸಂಬಂಧಿಸಿದ್ದು ಅದು. ಉದ್ಯಮದವರು ಅದನ್ನು ಎಸ್‌ಎಎಫ್ ಎನ್ನುತ್ತಾರೆ.

ಕರಿದ ಎಣ್ಣೆಯ ದಾರಿ

ಈ ಇಂಧನದ ಕಥೆ ಮುಂಬೈ ಕನ್ನಡಿಗರ ಅಡುಗೆಮನೆಯಿಂದಲೇ ಶುರುವಾಗಬಹುದು. ಉಡುಪಿಯ ರಾಮ ನಾಯಕರು 1942ರಲ್ಲಿ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಅವರ ಹಿಂದೆ ಮುಂದೆ ಬಂದ ಕರಾವಳಿಯವರು ಸೆಂಟ್ರಲ್, ಹಾರ್ಬರ್ ಲೈನುಗಳ ಉದ್ದಕ್ಕೂ ಹೋಟೆಲ್ ಕಟ್ಟಿದರು. ಠಾಣೆಯಿಂದ ಕಲ್ಯಾಣದವರೆಗೆ, ವಾಶಿಯಿಂದ ಪನ್ವೇಲ್‌ವರೆಗೆ ಸ್ಟೇಷನ್ ಎದುರಿನ ಉಡುಪಿ ಹೋಟೆಲಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಮೇದುವಡೆ, ಬಟಾಟೆವಡೆ, ಪೂರಿ, ಬನ್ಸ್ ಕರಿಯುತ್ತಲೇ ಇರುತ್ತಾರೆ.

ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಒಡೆಯುತ್ತದೆ. ಅದರಲ್ಲಿ ಹುಟ್ಟುವ ಹಾನಿಕಾರಕ ಸಂಯುಕ್ತಗಳು ಶೇ 25 ಮೀರಿದರೆ ಆ ಎಣ್ಣೆಯನ್ನು ಅಡುಗೆಗೆ ಬಳಸಬಾರದೆಂಬ ನಿಯಮವನ್ನು ಭಾರತೀಯ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರ 2018ರ ಜುಲೈನಲ್ಲಿ ಜಾರಿಗೆ ತಂದಿತು. ಮರುತಿಂಗಳೇ ಹಳೆ ಎಣ್ಣೆಯನ್ನು ಸಂಗ್ರಹಿಸಿ ಜೈವಿಕ ಇಂಧನಕ್ಕೆ ಕೊಡುವ ರೂಕೊ ಯೋಜನೆ ಶುರುವಾಯಿತು. ದಿನಕ್ಕೆ ಐವತ್ತು ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು ಅದರ ಲೆಕ್ಕ ಇಡಬೇಕು, ಹಳೆಯದನ್ನು ಮಾನ್ಯತೆ ಪಡೆದ ಸಂಗ್ರಾಹಕರಿಗೇ ಕೊಡಬೇಕು.

ಹೀಗೆ ಸೇರಿದ ಎಣ್ಣೆ ವಿಮಾನದ ಇಂಧನವಾಗುವುದು ಹೇಗೆ? ಅಡುಗೆ ಎಣ್ಣೆಯ ಅಣುಗಳು ಉದ್ದುದ್ದ ಇಂಗಾಲದ ಸರಗಳು, ತುದಿಯಲ್ಲಿ ಆಮ್ಲಜನಕ. ಸೋಸಿದ ಎಣ್ಣೆಯನ್ನು ಹೆಚ್ಚಿನ ಒತ್ತಡ, ಶಾಖದಲ್ಲಿ ಜಲಜನಕದೊಡನೆ ಬೆರೆಸಿದಾಗ ಆ ಆಮ್ಲಜನಕ ನೀರಾಗಿ, ಅನಿಲವಾಗಿ ಕಳಚಿಕೊಳ್ಳುತ್ತದೆ. ಉಳಿದ ಸರಗಳನ್ನು ತುಂಡರಿಸಿ, ಕವಲೊಡೆಸುತ್ತಾರೆ. ಕವಲಿದ್ದರೆ ಮಾತ್ರ ಅದು ಎತ್ತರದ ಚಳಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ಕೊನೆಗೆ ಸಿಗುವುದಕ್ಕೂ ಮಾಮೂಲಿ ಎಟಿಎಫ್‌ಗೂ ಎಂಜಿನ್ ಮಟ್ಟಿಗೆ ವ್ಯತ್ಯಾಸವಿಲ್ಲ. ಈಗಿನ ನಿಯಮದಂತೆ ಅರ್ಧದವರೆಗೆ ಬೆರೆಸಬಹುದು. ವಿಮಾನವನ್ನಾಗಲಿ ಪೈಪನ್ನಾಗಲಿ ಬದಲಿಸಬೇಕಿಲ್ಲ. ಈ ಒಂದು ಗುಣದಿಂದಲೇ ಎಸ್‌ಎಎಫ್ ಉಳಿದೆಲ್ಲ ಪರ್ಯಾಯಗಳಿಗಿಂತ ಮುಂದಿದೆ. ಸುಟ್ಟಾಗ ಇದೂ ಇಂಗಾಲ ಬಿಡುತ್ತದೆ. ಆದರೆ ಅದು ಗಿಡ ಬೆಳೆಯುವಾಗ ಗಾಳಿಯಿಂದ ಎಳೆದುಕೊಂಡದ್ದೇ ಆದ್ದರಿಂದ, ಒಟ್ಟು ಲೆಕ್ಕದಲ್ಲಿ ಹೊರೆ ಬಹಳ ಕಡಿಮೆ.

ಇಂಡಿಯನ್ ಆಯಿಲ್‌ನ ಪಾಣಿಪತ್ ಸಂಸ್ಕರಣಾಗಾರ 2025ರಲ್ಲಿ ಬಳಸಿದ ಅಡುಗೆ ಎಣ್ಣೆಯಿಂದ ಇಂಥ ಇಂಧನ ತಯಾರಿಸಲು ಅಂತರರಾಷ್ಟ್ರೀಯ ಪ್ರಮಾಣಪತ್ರ ಪಡೆಯಿತು. ವರ್ಷಕ್ಕೆ 35,000 ಟನ್ ತಯಾರಿಸುವ ಗುರಿ ಹೇಳಿತು. ನಮ್ಮ ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರ ಕೂಡ ಡೆಹರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆಯ ತಂತ್ರಜ್ಞಾನದಿಂದ ದಿನಕ್ಕೆ 20,000 ಲೀಟರಿನ ಘಟಕದ ಯೋಜನೆ ಪ್ರಕಟಿಸಿದೆ.

ಈ ಅಂಕಿಗಳನ್ನು ಹಾರಾಟಕ್ಕೆ ಹೊಂದಿಸಿ ನೋಡಬೇಕು. ಎಂಆರ್‌ಪಿಎಲ್‌ನ ಆ ಇಡೀ ದಿನದ ಉತ್ಪಾದನೆ ಐದಾರು ಮುಂಬೈ–ಮಂಗಳೂರು ಹಾರಾಟಕ್ಕೆ ಸರಿ. ದೇಶ ವರ್ಷಕ್ಕೆ ಸುಡುವ ಎಟಿಎಫ್ ಸುಮಾರು 90 ಲಕ್ಷ ಟನ್. ಪಾಣಿಪತ್ತಿನ 35,000 ಟನ್ ಅದರಲ್ಲಿ ಶೇ ಅರ್ಧವೂ ಆಗದು. ಇನ್ನು ದಿನಕ್ಕೆ ಹತ್ತು ಲೀಟರ್ ಹಳೆ ಎಣ್ಣೆ ಹೊರಬರುವ ಒಂದು ಹೋಟೆಲನ್ನು ಊಹಿಸಿಕೊಳ್ಳಿ. ಒಂದು ದಿನವೂ ಬಾಗಿಲು ಹಾಕದೆ ವರ್ಷವಿಡೀ ಕೂಡಿಟ್ಟರೆ 3,650 ಲೀಟರ್. ಒಂದು ಹನಿ ವ್ಯರ್ಥವಾಗದೆ ಇಂಧನವಾಯಿತೆಂದೇ ಇಟ್ಟುಕೊಳ್ಳೋಣ, ಹಾಗಾಗುವುದಿಲ್ಲ, ಆದರೂ ಅದು ಒಂದು ವಿಮಾನವನ್ನು ಒಂದೇ ಸಲ ಮಂಗಳೂರಿಗೆ ತಲುಪಿಸುತ್ತದೆ. ಮರಳಿ ಬರಲು ಪಕ್ಕದ ಹೋಟೆಲಿನ ಒಂದು ವರ್ಷದ ಎಣ್ಣೆ ಬೇಕು.

ಹಾಗೆಂದು ಸಂಗ್ರಹ ನಿಷ್ಪ್ರಯೋಜಕವಲ್ಲ. ಹೋಟೆಲಿನ ಹಿಂಬಾಗಿಲಿನಿಂದ ಅಗ್ಗಕ್ಕೆ ಮಾರಿದ ಕಪ್ಪೆಣ್ಣೆ ರಸ್ತೆ ಬದಿಯ ಗಾಡಿಯ ಬಾಣಲೆಗೆ ಸೇರುವುದು, ಇಲ್ಲವೇ ಗಟಾರಕ್ಕೆ ಸುರಿದು ಖಾಡಿಗೆ ಸೇರುವುದು ನಿಂತರೆ ಅದೇ ದೊಡ್ಡ ಲಾಭ. ಜನರ ಹೃದಯಕ್ಕೂ ಠಾಣೆ ಖಾಡಿಗೂ ಒಳಿತು. ವಿಮಾನಕ್ಕೆ ಸಿಗುವುದು ಅದರ ಮೇಲಿನ ಲಾಭ. ಹಳೆ ಎಣ್ಣೆಗೆ ಬೆಲೆ ಬಂದಂತೆ ಹೊಸ ತಾಳೆ ಎಣ್ಣೆಯನ್ನೇ ಹಳೆಯದೆಂದು ಮಾರುವ ಮೋಸದ ಶಂಕೆ ಹೊರದೇಶಗಳಲ್ಲಿ ಎದ್ದಿದೆ. ಎಣ್ಣೆ ಯಾವ ಅಡುಗೆಮನೆಯದೆಂದು ಪತ್ತೆಹಚ್ಚುವ ವ್ಯವಸ್ಥೆ ಇಲ್ಲಿ ಮೊದಲಿನಿಂದಲೇ ಬಿಗಿಯಾಗಿರಬೇಕು.

ಕಬ್ಬು ಮತ್ತು ಹೊಂಗೆ

ಎಣ್ಣೆ ಸಾಲದಿದ್ದರೆ ಕಬ್ಬು ಇದೆಯಲ್ಲ ಎನ್ನುತ್ತಾರೆ. ಮಾತು ಪೊಳ್ಳಲ್ಲ. 2023ರ ಮೇ 19ರಂದು ಏರ್‌ಏಷ್ಯಾ ಇಂಡಿಯಾ ವಿಮಾನವೊಂದು ಕಬ್ಬಿನ ಕಾಕಂಬಿಯಿಂದ ಪಡೆದ ಇಂಧನವನ್ನು ಬೆರೆಸಿಕೊಂಡು ಪುಣೆಯಿಂದ ದೆಹಲಿಗೆ ಹಾರಿತು. ಇಂಧನ ಪುಣೆಯ ಪ್ರಾಜ್ ಇಂಡಸ್ಟ್ರೀಸ್‌ನದು. ಬೆಳಗಾವಿ, ಬಾಗಲಕೋಟೆಯಿಂದ ಕೊಲ್ಹಾಪುರ, ಸಾಂಗ್ಲಿಯವರೆಗಿನ ಕಬ್ಬಿನ ಸೀಮೆಗೆ ಇದು ಆಸೆ ಹುಟ್ಟಿಸುವ ಸುದ್ದಿ. ಆದರೆ ಪೆಟ್ರೋಲಿಗೆ ಶೇ 20 ಬೆರೆಸಲು ಎಥನಾಲ್ ಆಗಲೇ ಹೋಗುತ್ತಿದೆ. ಮಳೆ ಕೈಕೊಟ್ಟ 2023ರಲ್ಲಿ ಸಕ್ಕರೆ ಸಾಲದೆಂಬ ಭಯದಿಂದ ಕಬ್ಬಿನ ಹಾಲನ್ನು ಎಥನಾಲಿಗೆ ಬಳಸದಂತೆ ಕೇಂದ್ರ ಡಿಸೆಂಬರಿನಲ್ಲಿ ತಡೆ ಹಾಕಿತ್ತು. ಕಬ್ಬು ಕುಡಿಯುವ ನೀರಿನ ಲೆಕ್ಕ ಕೃಷ್ಣಾ ತೀರದವರಿಗೆ ಬೇರೆ ಹೇಳಬೇಕಿಲ್ಲ. ವಿಮಾನಕ್ಕಾಗಿ ಹೊಸದಾಗಿ ಕಬ್ಬು ನೆಡುವುದಕ್ಕಿಂತ ಸಿಪ್ಪೆ, ಕಾಕಂಬಿ, ಹುಲ್ಲಿನಂಥ ಉಳಿಕೆಗಳಿಗೆ ಅಂಟಿಕೊಳ್ಳುವುದು ಒಳ್ಳೆಯದು.

ಮರಗಳ ಕನಸು ಇನ್ನೂ ಹಳೆಯದು. ಸೀಮೆಎಣ್ಣೆ ಬರುವ ಮುಂಚೆ ನಮ್ಮ ಹಳ್ಳಿಗಳ ದೀಪಕ್ಕೆ ಹೊಂಗೆ ಎಣ್ಣೆಯಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅದೇ ಎಣ್ಣೆಯಿಂದ ಹಳ್ಳಿಯ ಜನರೇಟರ್ ಓಡಿಸಿ ತೋರಿಸಿದರು. ಹಾಸನದ ಮಡೇನೂರಿನಲ್ಲಿ ಜೈವಿಕ ಇಂಧನ ಉದ್ಯಾನ ತಲೆಯೆತ್ತಿತು. ದೇಶದ ಮಟ್ಟದಲ್ಲಿ ಜಟ್ರೋಫಾ ಅಥವಾ ಕಾಡು ಹರಳಿನ ಭರಾಟೆ ನಡೆಯಿತು. 2018ರ ಆಗಸ್ಟ್ 27ರಂದು ಸ್ಪೈಸ್‌ಜೆಟ್‌ನ ಸಣ್ಣ ವಿಮಾನವೊಂದು ಜಟ್ರೋಫಾ ಎಣ್ಣೆಯ ಇಂಧನ ಬೆರೆಸಿಕೊಂಡು ಡೆಹರಾಡೂನಿನಿಂದ ದೆಹಲಿಗೆ ಹಾರಿತು. ಆದರೆ ಬಂಜರು ನೆಲದಲ್ಲಿ ಜಟ್ರೋಫಾ ಕೊಟ್ಟ ಫಸಲು ಆಶ್ವಾಸನೆಯ ಹತ್ತಿರವೂ ಬರಲಿಲ್ಲ. ನೆಟ್ಟ ಎಷ್ಟೋ ರೈತರು ಅದನ್ನು ಕಿತ್ತೆಸೆದರು. ಹಾರಾಟ ಸಾಧ್ಯ ಎಂಬುದು 2018ರ ಆ ದಿನವೇ ಸಾಬೀತಾಗಿದೆ. ದಿನದಿನವೂ ಟ್ಯಾಂಕು ತುಂಬಿಸುವುದೇ ಉಳಿದಿರುವ ಕೆಲಸ.

ಟಿಕೆಟ್ ಅಗ್ಗವಾಗುವುದೇ?

ಸದ್ಯಕ್ಕೆ ಇಲ್ಲ. ಎಸ್‌ಎಎಫ್ ಮಾಮೂಲಿ ಇಂಧನಕ್ಕಿಂತ ಕನಿಷ್ಠ ಎರಡು ಪಟ್ಟು, ಕೆಲವೆಡೆ ಅದಕ್ಕೂ ಹೆಚ್ಚು ದುಬಾರಿ. ಯುರೋಪಿನಲ್ಲಿ 2025ರಿಂದ ಶೇ 2 ಬೆರೆಸುವುದು ಕಡ್ಡಾಯ, 2030ಕ್ಕೆ ಶೇ 6. ಭಾರತ ಹಾಕಿಕೊಂಡ ಗುರಿ 2027ಕ್ಕೆ ಶೇ 1, 2028ಕ್ಕೆ ಶೇ 2, 2030ಕ್ಕೆ ಶೇ 5. ಇದು ಅಂತರರಾಷ್ಟ್ರೀಯ ಹಾರಾಟಗಳಿಗೆ ಮಾತ್ರ.

ಅದರ ಭಾರ ಎಷ್ಟು? ಎಸ್‌ಎಎಫ್ ಮೂರು ಪಟ್ಟು ದುಬಾರಿ ಎಂದುಕೊಂಡರೆ, ಶೇ 1 ಬೆರೆಸಿದಾಗ ಇಂಧನದ ಖರ್ಚು ಶೇ 2 ಏರುತ್ತದೆ. ಇಂಧನ ಒಟ್ಟು ಖರ್ಚಿನ ಶೇ 40 ಆದರೆ 30,000 ರೂಪಾಯಿಯ ಟಿಕೆಟಿನ ಮೇಲೆ 240 ರೂಪಾಯಿ. ಶೇ 5 ಬೆರೆಸಿದಾಗ 1,200. ದುಬೈಗೋ ಮಸ್ಕತ್ತಿಗೋ ದುಡಿಯಲು ಹೋಗುವವರಿಗೆ ಈ ಮೊತ್ತ ಕಣ್ಣಿಗೆ ಬೀಳುತ್ತದೆ. ತೈಲದ ಬೆಲೆ ಒಂದೇ ತಿಂಗಳಲ್ಲಿ ಮಾಡುವ ಏರಿಳಿತದ ಮುಂದೆ ಅದು ದೊಡ್ಡದಲ್ಲ. ಹಾಗಾದರೆ ಲಾಭವೇನು? ಇಂಗಾಲ ಕಡಿಮೆಯಾಗುತ್ತದೆ, ಇಂಧನದ ಒಂದು ಸಣ್ಣ ಪಾಲಾದರೂ ಕೊಲ್ಲಿಯ ಹಡಗಿಗೆ ಕಾಯದೆ ಇಲ್ಲೇ ಹುಟ್ಟುತ್ತದೆ. ಆ ಪಾಲು ದೊಡ್ಡದಾದ ಮೇಲೆ ಬೆಲೆಯ ಜಿಗಿತ ತಗ್ಗಬಹುದು. ಅದಕ್ಕೆ ವರ್ಷಗಳು ಬೇಕು. ಪರ್ಯಾಯ ಇಂಧನ ಬಂದರೆ ಟಿಕೆಟ್ ಇಳಿಯುತ್ತದೆ ಎಂದು ಈಗಲೇ ನಂಬಿಸುವುದು ಪ್ರಯಾಣಿಕರಿಗೆ ಮಾಡುವ ಅನ್ಯಾಯ.

ತಂತಿಯ ಕೆಳಗಿನ ದಾರಿ

ಕರಾವಳಿಗೆ ಹೋಗುವವರ ಪರ್ಯಾಯ ಶಕ್ತಿಯ ಮಾತನ್ನು ವಿಮಾನದೊಳಗೇ ಮುಗಿಸಲಾಗದು. 2022ರ ಜೂನ್ 20ರಂದು ಬೆಂಗಳೂರಿನಲ್ಲಿ ಪ್ರಧಾನಿ ಕೊಂಕಣ ರೈಲ್ವೆಯ ವಿದ್ಯುದೀಕರಣವನ್ನು ರಾಷ್ಟ್ರಕ್ಕೆ ಸಮರ್ಪಿಸಿದರು. ರೋಹಾದಿಂದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್. ಡೀಸೆಲ್ ಎಂಜಿನ್ ಹೊಗೆ ಉಗುಳುತ್ತಿದ್ದ ಘಾಟಿ, ಸುರಂಗಗಳಲ್ಲಿ ಈಗ ತಂತಿಯ ವಿದ್ಯುತ್. ಆ ವಿದ್ಯುತ್ತಿನ ಬಹುಭಾಗ ಇನ್ನೂ ಕಲ್ಲಿದ್ದಲಿನದು ಎಂಬುದನ್ನು ಮರೆಯುವಂತಿಲ್ಲ. ಆದರೆ ಸೌರ, ಪವನ ಶಕ್ತಿ ಜಾಲಕ್ಕೆ ಸೇರಿದಷ್ಟೂ ಅದೇ ರೈಲು, ಅದೇ ಎಂಜಿನ್ ತಾನಾಗಿ ಶುಚಿಯಾಗುತ್ತ ಹೋಗುತ್ತದೆ. ಬ್ಯಾಟರಿ ಹೊರುವ ಕಷ್ಟವೂ ಇಲ್ಲ. ಈ ತಂತಿ ಮುಗಿಯುವ ತೋಕೂರು, ವಿಮಾನದ ಇಂಧನ ತಯಾರಿಸುವ ಎಂಆರ್‌ಪಿಎಲ್‌ನ ಮಗ್ಗುಲಲ್ಲೇ ಇದೆ.

ಇರುವ ಕೊರತೆ ಹಳಿಯದು. 1998ರಲ್ಲಿ ಪೂರ್ತಿಯಾದ ಈ ಮಾರ್ಗದಲ್ಲಿ ರೋಹಾದಿಂದ ವೀರ್‌ವರೆಗಿನ 47 ಕಿಲೋಮೀಟರಿನಷ್ಟು ಮಾತ್ರ ಜೋಡಿಹಳಿ. ಉಳಿದೆಡೆ ಒಂದು ರೈಲು ದಾಟಲು ಇನ್ನೊಂದು ಕಾಯಬೇಕು. ಮತ್ಸ್ಯಗಂಧದ ವೇಟಿಂಗ್ ಲಿಸ್ಟ್ ಹುಟ್ಟುವುದು ಅಲ್ಲಿ. ರಾತ್ರಿ ಊಟ ಮುಗಿಸಿ ಠಾಣೆಯಲ್ಲೋ ಪನ್ವೇಲಿನಲ್ಲೋ ಹತ್ತಿ ಬೆಳಿಗ್ಗೆ ಉಡುಪಿಯಲ್ಲಿ ಇಳಿಯುವಂತಿದ್ದರೆ, ಬ್ರಹ್ಮಕಲಶಕ್ಕೆ ಹೊರಟ ಎಷ್ಟೋ ಕುಟುಂಬಗಳು ವಿಮಾನದ ದರ ನೋಡಬೇಕಾಗಿಯೇ ಇಲ್ಲ. ಆಗ ಆ ಸೀಟು, ಆ ಇಪ್ಪತ್ತು ಲೀಟರ್, ನಿಜಕ್ಕೂ ತುರ್ತಿರುವವರಿಗೆ ಉಳಿಯುತ್ತದೆ. ಕೊಂಕಣ ರೈಲ್ವೆ ನಿಗಮವನ್ನು ಭಾರತೀಯ ರೈಲ್ವೆಯೊಡನೆ ವಿಲೀನಗೊಳಿಸಲು ಮಹಾರಾಷ್ಟ್ರ 2025ರ ಮೇಯಲ್ಲಿ ಒಪ್ಪಿಗೆ ಕೊಟ್ಟಿತು. ಎರಡನೇ ಹಳಿಗೆ ಬೇಕಾದ ದೊಡ್ಡ ಬಂಡವಾಳ ಆ ದಾರಿಯಿಂದ ಬರಬಹುದೆಂಬ ನಿರೀಕ್ಷೆ ಕರಾವಳಿಯಲ್ಲಿದೆ. ವಿಮಾನ ಇಂಧನದ ವ್ಯಾಟ್ ಇಳಿಸಿ ಎಂದು ಕೇಳುವ ಡೊಂಬಿವಲಿ, ಠಾಣೆ, ನವಿ ಮುಂಬೈಯ ನಮ್ಮ ಸಂಘಗಳು ಈ ಎರಡನೇ ಹಳಿಯನ್ನೂ ಅದೇ ಮನವಿಪತ್ರದಲ್ಲಿ ಸೇರಿಸಿ ಕೇಳಬೇಕಾಗಿದೆ.